ಹತ್ತೇ ನಿಮಿಷದ ಭಾವ

ನಮ್ಮ ಭಾವನವರು ಬದುಕಿನುದ್ದಕ್ಕೂ ಮಾಡಿದ ಕೆಲಸವೆಂದರೆ ಲಿಫ್ಟಿನಲ್ಲಿ ಸಿಕ್ಕಿಹಾಕಿಕೊಂಡವರನ್ನು ಹೊರಗೆ ತೆಗೆಯುವುದು. ಲಿಫ್ಟ್ ರಿಪೇರಿಯನ್ನೂ ಮಾಡುತ್ತಿದ್ದರು ಅನ್ನಿ, ಆದರೆ ರಿಪೇರಿಯನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ? ಆಸ್ಪತ್ರೆಯಾಗಲಿ, ಬ್ಯಾಂಕಾಗಲಿ, ಎಲ್ಲಿ ಲಿಫ್ಟ್ ಕೈಕೊಟ್ಟರೂ ಭಾವ ಮೊದಲು ಬಾಗಿಲ ಸಂದಿಗೆ ಬಾಯಿಟ್ಟು, "ಗಾಬರಿ ಬೇಡಿ, ಹತ್ತೇ ನಿಮಿಷ" ಎನ್ನುತ್ತಿದ್ದರು. ಚೀಲ ಬಿಚ್ಚಿ ಸ್ಪ್ಯಾನರ್ ಹುಡುಕುವುದು ಆಮೇಲೆ. ಅರ್ಧ ದಿನ ಹಿಡಿಯುವ ಕೆಲಸಕ್ಕೂ ಅವರ ಬಾಯಲ್ಲಿ ಹತ್ತೇ ನಿಮಿಷ.

"ಒಳಗಿರೋರಿಗೆ ನಿಜ ಹೇಳಬಾರದು ಕಣಯ್ಯಾ. ಹೇಳಿದ್ರೆ ಬಾಗಿಲು ಗುದ್ದೋಕೆ ಶುರುಮಾಡ್ತಾರೆ" ಎಂದು ನನಗೂ ಆ ವಿದ್ಯೆ ಹೇಳಿಕೊಟ್ಟಿದ್ದರು. ನಾನು ಪತ್ರಿಕೆಗೆ ನಗೆಬರಹ ಬರೆಯುವವನು. ಬಾಗಿಲು ಗುದ್ದುವಷ್ಟು ಆಸಕ್ತಿ ಯಾವ ಓದುಗನೂ ನನ್ನಲ್ಲಿ ತೋರಿಸದ ಕಾರಣ ಅದು ಉಪಯೋಗಕ್ಕೆ ಬರಲಿಲ್ಲ.

ಇಂಥ ಮನುಷ್ಯ ನಿವೃತ್ತನಾದ ಮೇಲೆ ಬಯಲು ನೋಡಲು ಹಂಬಲಿಸಿದರೆ ತಪ್ಪಲ್ಲ. ಭಾವ ನೇರವಾಗಿ ಕಡಲಿಗೇ ಕೈಹಾಕಿದರು. ಹಲ್ಲಿನ ಡಾಕ್ಟರೊಬ್ಬರು ಒಂದು ಸಲ ಹೋಗಿ, ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಕಡಲಿಗೆ ಒಪ್ಪಿಸಿ, ದಡದಲ್ಲಿ ಬಿಟ್ಟುಬಿಟ್ಟಿದ್ದ ಹಾಯಿದೋಣಿಯನ್ನು ಕೊಂಡುಕೊಂಡರು. ಮೇಲೆ ನಿಂತು ನೋಡಿದರೆ ಕಣ್ಣು ಹರಿಯುವಷ್ಟೂ ನೀರು, ನಿಜ. ಆದರೆ ವಾಸಕ್ಕೆ ಇದ್ದದ್ದು ಮೂರು ಮೆಟ್ಟಿಲ ಕೆಳಗಿನ ಒಂದು ಕೋಣೆ. ಆಸ್ಪತ್ರೆಯ ಲಿಫ್ಟಿಗಿಂತ ಒಂದಿಷ್ಟು ಉದ್ದ, ಎತ್ತರದಲ್ಲಿ ಅದಕ್ಕಿಂತಲೂ ಗಿಡ್ಡ. ಭಾವನಿಗೆ ಮನೆಗೆ ಬಂದಂತಾಗಿರಬೇಕು.

ಅಕ್ಕ ಶಾಲೆಯಲ್ಲಿ ಚಿತ್ರಕಲೆಯ ಮೇಡಂ. ಅವಳು ಒಂದು ವರ್ಷದ ರಜೆ ಹಾಕಿ, ಓದು ಮುಗಿಸಿ ಮುಂದೇನು ಎಂದು ಯೋಚಿಸುತ್ತಿದ್ದ ಮಗಳನ್ನೂ ಕರೆದುಕೊಂಡು ದೋಣಿ ಹತ್ತಿದಳು. ಗಂಡ ಹೆಂಡತಿಯ ನಡುವೆ ಮಾತಾಗಿತ್ತು: ಒಂದು ವರ್ಷ ಅವರ ದೋಣಿ, ಆಮೇಲೆ ಇವಳ ಶಾಲೆ. ಆ ವರ್ಷ ಮುಗಿಯಿತು. ಸೋಮವಾರ ಶಾಲೆ ಶುರು. ಅಂದು ಬೆಳಿಗ್ಗೆ ತರಗತಿಯಲ್ಲಿ ನಿಲ್ಲದಿದ್ದರೆ ಆ ಜಾಗಕ್ಕೆ ಬದಲಿ ಟೀಚರೇ ಖಾಯಂ ಆಗುತ್ತಾರೆಂದು ಮುಖ್ಯೋಪಾಧ್ಯಾಯಿನಿ ಫೋನಿನಲ್ಲಿ ಖಡಾಖಂಡಿತವಾಗಿ ಹೇಳಿದ್ದರು.

ಊರಿನ ಬಂದರಿಗೆ ವಾಪಸಾಗುವ ಆ ಕೊನೆಯ ಪ್ರಯಾಣಕ್ಕೆ ಭಾವ ನನ್ನನ್ನೂ ಕರೆದರು. "ಎರಡು ದಿನ ಅಷ್ಟೇ. ಗಾಳಿ ಕುಡ್ಕೊಂಡು ಬಾ" ಎಂದರು. ನಾನು ಹೊಸ ಬೂಟು ಕೊಂಡು ಹೋದೆ.

ಗಾಳಿಯನ್ನು ಕುಡಿದದ್ದು ಹೌದು, ಅದರ ಜೊತೆ ಬಹಳಷ್ಟು ಉಪ್ಪುನೀರನ್ನೂ. ಬುಧವಾರ ಮಧ್ಯಾಹ್ನ ಆಕಾಶ ಕಪ್ಪಿಟ್ಟು, ದೋಣಿ ಒಂದು ಮಗ್ಗುಲಿಗೆ ಮಲಗಿ, ನನ್ನ ಜೀವ ಬಾಯಿಗೆ ಬಂತು. ಜೀವದ ಹಿಂದೆಯೇ ಬೆಳಗಿನ ತಿಂಡಿಯೂ ಬಂತು. ಭಾವ ಹಾಯಿ ಇಳಿಸಿ ಇಂಜಿನ್ ಹಚ್ಚಿ ಹತ್ತಿರದ ಒಂದು ಸಣ್ಣ ಕೊಲ್ಲಿಯೊಳಗೆ ದೋಣಿಯನ್ನು ನುಗ್ಗಿಸಿದರು. ಒಳಗೆ ಸೇರಿದ ಕೂಡಲೇ ಇಂಜಿನ್ ಕೆಮ್ಮಿ, ಬಿಳಿ ಹೊಗೆ ಉಗುಳಿ, ಸುಮ್ಮನಾಯಿತು. ಇಂಜಿನನ್ನು ತಣ್ಣಗಿಡುವ ನೀರಿನ ಪಂಪು ಹೋಗಿತ್ತು. ಭಾವ ಲಂಗರು ಬಿಟ್ಟರು.

"ಎಷ್ಟು ಹೊತ್ತಾಗುತ್ತೆ?" ಅಕ್ಕ ಕೇಳಿದಳು.

"ಹತ್ತೇ ನಿಮಿಷ" ಎಂದರು ಭಾವ.

ಮಗಳು ನನ್ನ ಕಡೆ ತಿರುಗಿ, "ಮಾವ, ಹಾಸಿಗೆ ಬಿಚ್ಚಿಬಿಡಿ" ಎಂದಳು.

ಆ ಕೊಲ್ಲಿಗೆ ಇದ್ದದ್ದು ಒಂದೇ ಬಾಯಿ, ಅದೂ ಕಿರಿದು. ಗಾಳಿ ಆ ಬಾಯಿಯಿಂದಲೇ ಒಳಗೆ ಬೀಸುತ್ತಿತ್ತು. ಅದಕ್ಕೆದುರಾಗಿ ಹಾಯಿ ಬಿಚ್ಚಿ ಹೊರಬೀಳುವ ಹಾಗಿಲ್ಲ, ಇಂಜಿನ್ ಓಡಿದರೆ ಮಾತ್ರ ಬಿಡುಗಡೆ. ಎದುರಿಗೆ ದಡ ಕಾಣುತ್ತಿತ್ತು, ದಡದ ಮೇಲೆ ರಸ್ತೆ ಕಾಣುತ್ತಿತ್ತು, ರಸ್ತೆಯಲ್ಲಿ ಬೆಳಿಗ್ಗೆ ಸಂಜೆ ಬಸ್ಸೂ ಹೋಗುತ್ತಿತ್ತು. ನಡುವೆ ಬಂಡೆಗಳ ಮೇಲೆ ಅಲೆ ಒಡೆಯುತ್ತಿತ್ತು. ಬಸ್ಸಿನ ಸದ್ದಾದಾಗಲೆಲ್ಲ ಅಕ್ಕ ಕೈಯಲ್ಲಿದ್ದ ಕೆಲಸ ಬಿಟ್ಟು ದುಂಡು ಕಿಟಕಿಗೆ ಹಣೆಯಾನಿಸಿ ನಿಲ್ಲುತ್ತಿದ್ದಳು.

ಕೋಣೆಯೊಳಗಿನ ಸಂಸಾರವನ್ನು ಏನೆಂದು ಹೇಳಲಿ! ಮಳೆಗೆ ಮೇಲಿನ ಬಾಗಿಲು ಮುಚ್ಚಿದರೆ ಉಸಿರು ಕಟ್ಟುತ್ತದೆ, ತೆರೆದರೆ ಹಾಸಿಗೆ ನೆನೆಯುತ್ತದೆ. ಒಬ್ಬರು ಎದ್ದು ನಿಂತರೆ ಮೂವರು ಕೂತುಕೊಳ್ಳಬೇಕು. ಊಟದ ಮೇಜನ್ನು ಕೆಳಗಿಳಿಸಿದರೆ ಅದೇ ನನ್ನ ಮಂಚ. ಹಾಗಾಗಿ ಎಲ್ಲರ ಊಟ ಮುಗಿಯದೆ ನಾನು ಮಲಗುವಂತಿಲ್ಲ, ನಾನು ಏಳದೆ ಯಾರೂ ಕಾಫಿ ಕುಡಿಯುವಂತಿಲ್ಲ. ಸೊಂಟದ ಮಟ್ಟದಲ್ಲಿ ಒಗೆದ ಬಟ್ಟೆ ತೂಗಾಡುತ್ತಿತ್ತು. ಅದು ಒಣಗುವುದು ಅತ್ತ ಇರಲಿ, ಮೊದಲಿಗಿಂತ ಒದ್ದೆಯಾಗುತ್ತಿತ್ತು. ಎಲ್ಲದರ ಮೇಲೂ ಡೀಸೆಲ್ಲಿನ ವಾಸನೆ. ಕಕ್ಕಸಿನದಂತೂ ಕೈಯಲ್ಲಿ ಒತ್ತುವ ಪಂಪು. ತೆಳ್ಳಗಿನ ಹಲಗೆಯ ಆಚೆ ಇಡೀ ಕುಟುಂಬ ಕಿವಿಗೊಟ್ಟು ಕೂತಿರುತ್ತದೆ.

"ಮಾವ, ಇನ್ನೂ ಒತ್ತಿ. ಸದ್ದು ಬದಲಾಗಿಲ್ಲ" ಎಂದು ಅಕ್ಕನ ಮಗಳು ಹೊರಗಿನಿಂದ ಕೂಗುತ್ತಿದ್ದಳು.

"ಒತ್ತುತ್ತಾ ಇದ್ದೀನಿ ಕಣೇ!"

"ಬರಿಯೋ ಕೈ ಅಲ್ವಾ, ಶಕ್ತಿ ಎಲ್ಲಿಂದ ಬರಬೇಕು" ಎಂದು ಅಕ್ಕನ ಟಿಪ್ಪಣಿ.

ಭಾವ ಮಾತ್ರ ಮೆಟ್ಟಿಲ ಹಿಂದಿನ ಗೂಡಿಗೆ ಅರ್ಧ ಮೈ ತೂರಿಸಿಕೊಂಡು ಪಂಪಿನ ಜೊತೆ ಗುದ್ದಾಡುತ್ತಿದ್ದರು. ನಮಗೆ ಕಾಣುತ್ತಿದ್ದದ್ದು ಅವರ ಕಾಲು ಮಾತ್ರ. ಯಾರು ಏನು ಕೇಳಿದರೂ ಆ ಕಾಲುಗಳು ಹತ್ತು ನಿಮಿಷ ಎನ್ನುತ್ತಿದ್ದವು. ಗುರುವಾರ ಹೋಯಿತು. ಶುಕ್ರವಾರ ಅಕ್ಕ ಶಾಲೆಗೆ ಫೋನು ಮಾಡಲು ಹೋದರೆ ಸಿಗ್ನಲ್ಲಿಲ್ಲ. ಫೋನನ್ನು ಎತ್ತಿ ಹಿಡಿದು, ಬಗ್ಗಿಸಿ ಹಿಡಿದು, ಕೊನೆಗೆ ದಿಂಬಿನ ಮೇಲೆ ಎಸೆದು, ಮಾತಾಡದೆ ಕೂತಳು. ಅಕ್ಕ ಬೈದರೆ ನನಗೆ ಭಯವಿಲ್ಲ, ಚಿಕ್ಕಂದಿನಿಂದ ಅಭ್ಯಾಸವಾಗಿದೆ. ಅವಳು ಸುಮ್ಮನಾದರೆ ಎಲ್ಲಾದರೂ ಬಚ್ಚಿಟ್ಟುಕೊಳ್ಳುತ್ತೇನೆ. ಅಲ್ಲಿ ಅದಕ್ಕೆ ಇದ್ದದ್ದು ಕಕ್ಕಸು ಒಂದೇ.

ಶನಿವಾರ ಬೆಳಿಗ್ಗೆ ಮಳೆ ನಿಂತಿತು. ಅಲೆ ಇಳಿದಿರಲಿಲ್ಲ. ಅಕ್ಕ ಚೀಲ ತುಂಬಿಕೊಂಡು, ಸುರುಳಿ ಸುತ್ತಿದ ಚಿತ್ರದ ಹಾಳೆಗಳಿಗೆ ಪ್ಲಾಸ್ಟಿಕ್ ಕಟ್ಟಿಕೊಂಡು ಮೆಟ್ಟಿಲ ಬುಡದಲ್ಲಿ ನಿಂತಳು.

"ಮೇಲೆ ಕಟ್ಟಿರೋ ರಬ್ಬರ್ ದೋಣಿ ಇಳಿಸಿ. ನಾನು ದಡಕ್ಕೆ ಹೋಗಿ ಬಸ್ ಹಿಡೀತೀನಿ."

ಭಾವ ಗೂಡಿನಿಂದ ಹೊರಬಂದರು. "ಆ ಬಂಡೆಗಳ ಮೇಲಾ? ಸಾಧ್ಯವೇ ಇಲ್ಲ ಕಣೇ. ಲಿಫ್ಟು ಎರಡು ಮಹಡಿ ಮಧ್ಯೆ ನಿಂತಾಗ ಜನ ಏನು ಮಾಡ್ತಾರೆ ಗೊತ್ತಾ? ಬಾಗಿಲು ಬಿಡಿಸಿಕೊಂಡು ಹಾರ್ತಾರೆ. ಸಾಯೋದು ಅವಾಗಲೇ. ಲಿಫ್ಟನ್ನ ನೆಲದ ಮಟ್ಟಕ್ಕೆ ತಂದೇ ಇಳಿಸಬೇಕು."

"ಹಾಗಾದ್ರೆ ತನ್ನಿ ಮಟ್ಟಕ್ಕೆ. ಇಂಜಿನ್ ಯಾವಾಗ ಸರಿಹೋಯ್ತು?"

"ಇನ್ನೊಂದು ಹತ್ತೇ..."

"ಯಾವಾಗ ಆಗುತ್ತೆ ಅಂತ ಕೇಳಲಿಲ್ಲ ರೀ. ಯಾವಾಗ ಆಯ್ತು ಅಂತ ಕೇಳಿದೆ. ಕೆಟ್ಟ ಯಂತ್ರದ ಮುಂದೆ ಕೂತ್ರೆ ನೀವು ಅದರ ವಂಶನೆಲ್ಲ ಜಾಲಾಡ್ತೀರಿ. ನಿನ್ನೆ ಮಧ್ಯಾಹ್ನದಿಂದ ಒಂದು ಬೈಗುಳ ಕೇಳಿಲ್ಲ ನಾನು."

ಭಾವ ಕೈಯಲ್ಲಿದ್ದ ಬಟ್ಟೆಯಿಂದ ಸ್ಪ್ಯಾನರನ್ನು ಒರೆಸಿದರು. ಅದು ಆಗಲೇ ಚೊಕ್ಕಟವಾಗಿತ್ತು.

"ನಿನ್ನೆ ಊಟದ ಹೊತ್ತಿಗೆ" ಎಂದರು.

"ಅಪ್ಪಾ!" ಎಂದಳು ಮಗಳು. ನಾನು ನೆನೆದ ದಿಂಬಿನ ಮೇಲೆ ಕಳೆದ ಹಿಂದಿನ ರಾತ್ರಿಯನ್ನು ನೆನೆದು ಆ ದಿಂಬನ್ನು ಎತ್ತಿ ಹಿಡಿದೆ. ಅಕ್ಕನ ಮುಖ ನೋಡಿ ಕೆಳಗಿಟ್ಟೆ.

"ನನ್ನ ಕೆಲಸ ಹೋಗ್ಲಿ ಅಂತ ಕಾದು ಕೂತ್ರಾ?"

"ಹಾಗಲ್ಲ ಕಣೇ... ಶುರು ಮಾಡಲಿಲ್ಲ ಅಷ್ಟೆ. ಬಂದರು ಸೇರಿದ್ರೆ ನೀನು ಇಳಿದು ಹೋಗ್ತೀಯ."

"ಹೋಗ್ತೀನಿ. ಮನೆಗೆ ತಾನೇ? ನಿಮಗೂ ಅದೇ ಮನೆ."

"ನನಗೆ ಅಲ್ಲಿ ಏನು ಮಾಡೋದು ಅಂತಾನೇ ಗೊತ್ತಾಗಲ್ಲ" ಎಂದರು ಭಾವ. ಅಷ್ಟು ವರ್ಷದಲ್ಲಿ ಅವರು ಯಾವುದಾದರೂ ಒಂದು ವಿಷಯ ಗೊತ್ತಿಲ್ಲ ಎಂದದ್ದನ್ನು ನಾನು ಕೇಳಿರಲಿಲ್ಲ.

ಅಕ್ಕ ಚೀಲ ಕೆಳಗಿಟ್ಟಳು. ದನಿ ಏರಿಸಲಿಲ್ಲ. "ನಾನು ಇಲ್ಲಿ ಸಿಕ್ಕಿಹಾಕಿಕೊಂಡಿದ್ದೀನಿ ಅಂತ ನಿಮಗೂ ಗೊತ್ತಿತ್ತು. ಇಲ್ದಿದ್ರೆ ಆ ಹತ್ತು ನಿಮಿಷದ ಸುಳ್ಳನ್ನ ನನಗ್ಯಾಕೆ ಹೇಳ್ತಿದ್ರಿ? ಅದನ್ನ ನೀವು ಹೇಳೋದು ಒಳಗಿರೋರಿಗೆ ಮಾತ್ರ."

ಭಾವ ಮೆಟ್ಟಿಲು ಹತ್ತಿ ಹೋದರು. ಸ್ವಲ್ಪ ಹೊತ್ತಿಗೆ ನಮ್ಮ ಕಾಲಡಿ ಹಲಗೆ ನಡುಗಿತು. ಇಂಜಿನ್ ಒಂದೇ ಸಲಕ್ಕೆ ಹತ್ತಿಕೊಂಡಿತ್ತು.

ಕೊಲ್ಲಿಯ ಬಾಯಿ ದಾಟುವಾಗ ಪ್ರತಿ ಅಲೆಯೂ ಮೇಲಿನಿಂದ ಒಳಕ್ಕೆ ಇಣುಕಿ ನನ್ನನ್ನು ವಿಚಾರಿಸಿಕೊಂಡು ಹೋಯಿತು. ಭಾವ ಚುಕ್ಕಾಣಿ ಬಿಡದೆ, ಕಣ್ಣಿಗೆ ಹೊಡೆಯುವ ನೀರನ್ನು ಒರೆಸಿಕೊಳ್ಳದೆ ನಿಂತಿದ್ದರು. ಅಕ್ಕ ಮೇಲೆ ಹೋಗಿ ಅವರ ಕೈಗೆ ಕಾಫಿ ಕೊಟ್ಟಳು, ಪಕ್ಕದಲ್ಲಿ ಕೂರಲಿಲ್ಲ. ಭಾನುವಾರ ಮಧ್ಯಾಹ್ನ ಬಂದರು ಸೇರಿದೆವು.

ಅಕ್ಕ ಕಟ್ಟೆಗಿಳಿದಳು. ಮಗಳು ಚೀಲ ಎತ್ತಿಕೊಂಡಳು.

"ಊಟಕ್ಕೆ ಬನ್ನಿ" ಎಂದಳು ಅಕ್ಕ.

"ಬರ್ತೀನಿ."

"ಯಾವಾಗ?"

ಭಾವ ಹಗ್ಗವನ್ನು ಇನ್ನೊಂದು ಸುತ್ತು ಬಿಗಿದರು. "ಹೇಳಕ್ಕಾಗಲ್ಲ ಕಣೇ."

ಅಕ್ಕ ತಲೆಯಾಡಿಸಿದಳು. ಆ ಉತ್ತರ ಅವಳಿಗೆ ಇಷ್ಟವಾಗಲಿಲ್ಲ, ಆದರೆ ನಂಬಿದಳು ಎಂದು ನನಗೆ ಕಂಡಿತು. ಅಮ್ಮ ಮಗಳು ಗೋದಾಮಿನ ತಿರುವಿನಲ್ಲಿ ಮರೆಯಾದರು.

ನಾನೂ ಒಂದು ಕಾಲನ್ನು ಕಟ್ಟೆಯ ಮೇಲಿಟ್ಟಿದ್ದೆ. ಅಲ್ಲಾಡದ ನೆಲ, ಆಹಾ! ಆಗ ಒಳಗಿನಿಂದ ಕಬ್ಬಿಣದ ಸದ್ದು ಬಂತು. ಇಣುಕಿದೆ. ಸೊಗಸಾಗಿ ಓಡಿದ್ದ ಪಂಪನ್ನು ಭಾವ ಬಿಚ್ಚುತ್ತಿದ್ದರು. ತಿರುಪುಗಳನ್ನು ಒಂದೊಂದಾಗಿ ತೆಗೆದು ಮೇಜಿನ ಮೇಲೆ ಸಾಲಾಗಿಡುತ್ತಿದ್ದರು.

"ಭಾವ, ಅದು ಸರಿಯಾಗೇ ಇದೆಯಲ್ಲ?"

"ಇದೆ" ಎಂದರು, ತಲೆಯೆತ್ತದೆ. ಇನ್ನೊಂದು ತಿರುಪು ಬಿಚ್ಚಿ, "ಟಾರ್ಚ್ ಹಿಡೀತೀಯಾ?" ಎಂದರು.

ನಾಲ್ಕು ದಿನದಿಂದ ಆ ಪೆಟ್ಟಿಗೆಯಿಂದ ಪಾರಾದರೆ ಸಾಕೆಂದು ಬೇಡಿಕೊಂಡವನು ನಾನು. ಬೂಟು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು ಮತ್ತೆ ಕೆಳಗಿಳಿದೆ.

"ಸ್ವಲ್ಪ ಎಡಕ್ಕೆ" ಎಂದರು ಭಾವ.

ನಾನು ಬೆಳಕನ್ನು ಎಡಕ್ಕೆ ಸರಿಸಿದೆ.