ಸೊಸೆಯ ಬಟ್ಟಲಿನ ಬಸ್ಸಾರು

ಅನುಮಾನ ನನಗೆ ತಾಯಿಯ ಕಡೆಯಿಂದ ಬಂದದ್ದು. ತಕ್ಕಡಿಯನ್ನು ಎತ್ತಿ ತಿರುಗಿಸಿ ನೋಡದೆ ನಮ್ಮಮ್ಮ ಒಂದು ಬದನೆಕಾಯಿಯನ್ನೂ ಕೊಂಡವಳಲ್ಲ. ನಾನು ಮನಶ್ಶಾಸ್ತ್ರ ಕಲಿಯಲು ಹೊರಟಾಗ, "ಕಂಡೋರ ತಲೆಯೊಳಗೆ ಇಣುಕೋ ಕೆಲಸ, ನಿನಗೆ ಹೇಳಿ ಮಾಡಿಸಿದ ಹಾಗಿದೆ" ಎಂದಿದ್ದಳು. ಅರವತ್ತರ ದಶಕದ ನಡುವಿನ ವರ್ಷಗಳು ಅವು. ನಾನು ತರಬೇತಿಗೆ ಸೇರಿದ್ದ ಮಾನಸಿಕ ಆಸ್ಪತ್ರೆಗೆ ಜನರ ಬಾಯಲ್ಲಿ ಹುಚ್ಚಾಸ್ಪತ್ರೆ ಎಂದೇ ಹೆಸರು.

ವಾರ್ಡಿನಲ್ಲಿ ಆಗ ಹೊಸ ಮಾತ್ರೆಯೊಂದರ ಮೇಲೆ ಎಲ್ಲರಿಗೂ ಭಕ್ತಿ. ನನಗೆ ಅದರ ಮೇಲೂ ಅನುಮಾನವೇ. ಬಾಯಲ್ಲಿ ಕರಗಿದರೆ ನಾಲಿಗೆ ಜೋಮು ಹಿಡಿಯುತ್ತದೆ ಎಂದು ರೋಗಿಯೊಬ್ಬಳು ದೂರಿದಾಗ, ಒಡೆದುಹೋಗಿದ್ದ ಮಾತ್ರೆಯ ಚೂರನ್ನು ಯಾರೂ ಕಾಣದಂತೆ ನಾಲಿಗೆಗೆ ತಾಗಿಸಿ ನೋಡಿದ್ದೆ. ಮೇಲಿನ ಸಕ್ಕರೆ ಕರಗಿ ಕಹಿ ಹತ್ತಿತು. ಆಮೇಲೆ ನಾಲಿಗೆಯ ತುದಿ ನನ್ನದೇ ಅಲ್ಲ ಎನಿಸಿಬಿಟ್ಟಿತು. ಅವತ್ತು ಕಾಫಿಯ ರುಚಿ ಗೊತ್ತಾಗಲಿಲ್ಲ.

ತರಬೇತಿಯ ಕೊನೆಯ ಭಾಗ ಮನೆಭೇಟಿ. ಗುಣವಾಗಿ ಊರಿಗೆ ಮರಳಿದವರು ಹೇಗಿದ್ದಾರೆಂದು ನೋಡಿ ಬರುವುದು. ನಮಗೆ ಕಲಿಸುತ್ತಿದ್ದ ಮೇಷ್ಟ್ರು ಕಟ್ಟಪ್ಪಣೆ ಮಾಡಿದ್ದರು: ರೋಗಿಯ ಮನೆಯಲ್ಲಿ ಏನನ್ನೂ ತಿನ್ನಬಾರದು, ಮನೆಯವರ ಜಗಳಕ್ಕೆ ಕೈ ಹಾಕಬಾರದು. ನನ್ನ ಪಾಲಿಗೆ ಬಂದವಳು ಕೊಡಿಗೇಹಳ್ಳಿಯ ಒಬ್ಬ ಸೊಸೆ. ಹಿಂದೆ, ಊಟಕ್ಕೆ ಅತ್ತೆ ಏನೋ ಬೆರೆಸುತ್ತಾಳೆಂದು ಅನ್ನ ನೀರು ಬಿಟ್ಟು ಆಸ್ಪತ್ರೆ ಸೇರಿದ್ದಳು. ಗುಣವಾಗಿ ಹೋಗಿ ಕೆಲವು ತಿಂಗಳಾಗಿತ್ತು. ಈಗ ಅವಳ ಗಂಡ ಬಂದು, ಮತ್ತೆ ಅದೇ ಮಾತು ಶುರುವಾಗಿದೆ, ತಟ್ಟೆ ತಳ್ಳುತ್ತಾಳೆ ಎಂದು ದೂರಿ ಹೋಗಿದ್ದ. ಈ ಸಲ ಆಸ್ಪತ್ರೆಗೆ ಸೇರಿಸಿದರೆ ವಾಪಸ್ಸು ಕರೆದೊಯ್ಯುವುದಿಲ್ಲ, ಇನ್ನೊಬ್ಬಳನ್ನು ಕಟ್ಟಿಕೊಳ್ಳುತ್ತೇನೆ ಎಂದೂ ಹೇಳಿದ್ದ. ಅವಳಿಗೆ ಆಗಷ್ಟೇ ಮಾತು ಕಲಿತ ಮಗಳಿದ್ದಳು.

"ಕಾಯಿಲೆ ತಿರುಗಿ ಬಂದಿದೆ ಅಂತ ನೀನು ಹೇಳಿದ್ರೆ ಜೀಪು ಕಳಿಸ್ಬೇಕಾಗುತ್ತಮ್ಮ" ಎಂದರು ಮೇಷ್ಟ್ರು. ನನ್ನ ಒಂದು ಮಾತಿನ ಮೇಲೆ ಒಂದು ಸಂಸಾರ ನಿಂತಿತ್ತು.

ಹೆಬ್ಬಾಳದ ಕೆರೆ ದಾಟಿದ ಮೇಲೆ ಬಸ್ಸಿಳಿದು ದ್ರಾಕ್ಷಿ ತೋಟಗಳ ನಡುವೆ ನಡೆದೆ. ಯಲಹಂಕದ ಕಡೆಯ ತರಬೇತಿ ವಿಮಾನವೊಂದು ಮೇಲೆ ಸುತ್ತು ಹೊಡೆಯುತ್ತಿತ್ತು. ಅದರೊಳಗಿದ್ದವನೂ ನನ್ನ ಹಾಗೆ ಅರೆಬರೆ ಕಲಿತವನಿರಬೇಕು. ಕೊಡೆ, ಕೈಚೀಲ ಕಂಡ ಕೂಡಲೇ ಊರ ಬಾಗಿಲಲ್ಲಿ ಕೂತಿದ್ದ ಮುದುಕನೊಬ್ಬ, "ಯಾವ ಆಪೀಸೋರವ್ವ? ಜಮೀನು ಅಳೆಯಕ್ ಬಂದ್ರಾ?" ಎಂದ. ನೆಂಟರ ಮನೆಗೆ ಬಂದೆ ಎಂದೆ. ಅವನು ನಂಬಲಿಲ್ಲ. ಅವನ ಜಾಗದಲ್ಲಿದ್ದರೆ ನಾನೂ ನಂಬುತ್ತಿರಲಿಲ್ಲ.

ಅತ್ತೆ ಜಗಲಿಯಲ್ಲಿ ಸೊಪ್ಪು ಸೋಸುತ್ತಿದ್ದಳು. ನಾನು ಎಲ್ಲಿಂದ ಬಂದವಳೆಂದು ತಿಳಿಯುತ್ತಲೇ ಎದ್ದು ನಿಂತು, ಕೇಳುವ ಮೊದಲೇ ಹೇಳಿದಳು: "ಚೆಂದಾಗವ್ಳೆ ತಾಯಿ. ಮಾತ್ರೆ ಒಂದ್ ದಿನಾನೂ ತಪ್ಪಿಲ್ಲ." ಅಷ್ಟು ಅವಸರದ ಉತ್ತರ ನನಗೆ ಹಿಡಿಸಲಿಲ್ಲ. ಸೊಸೆಯ ಜೊತೆ ಮಾತಾಡಲು ಕೂತರೆ ಅಲ್ಲಿಂದ ಕದಲಲೂ ಇಲ್ಲ. ಒಲೆಯ ಮೇಲಿನ ಎಸರು ಉಕ್ಕಿತೆಂದು ಎದ್ದು ಹೋದ ಗಳಿಗೆಯಲ್ಲಿ ಸೊಸೆ ನನ್ನ ಹತ್ತಿರ ಸರಿದಳು.

"ಮಾತ್ರೆ ನುಂಗಿದ್ರೆ ಆಲು ಕರೆಯೋ ಒತ್ನಲ್ಲೂ ನಿದ್ದೆ ಕಣಕ್ಕಾ. ಬುಟ್ಟು ಬಾಳ ದಿನ ಆಯ್ತು. ಆದ್ರೂ ಉಂಡ್ ಮ್ಯಾಕೆ ಅದೇ ನಿದ್ದೆ. ನಾಲ್ಗೆ ಜೋಮು ಇಡಿತದೆ. ಅತ್ತೆ ಏನೋ ಆಕ್ತದೆ. ಯೋಳುದ್ರೆ ಎಲ್ರೂ ನಂಗೇ ಉಚ್ಚು ಅಂತಾರೆ."

ನಾಲಿಗೆ ಜೋಮು. ವಾರ್ಡಿನ ಆ ಕಹಿ ನೆನಪಾಗಿ ನನ್ನ ಕಿವಿ ನೆಟ್ಟಗಾಯಿತು. ಒಬ್ಬಳು ಮಾತ್ರೆ ತಪ್ಪಿಲ್ಲ ಎನ್ನುತ್ತಾಳೆ, ಇನ್ನೊಬ್ಬಳು ಬಿಟ್ಟೆ ಎನ್ನುತ್ತಾಳೆ. ಇಬ್ಬರನ್ನೂ ನಂಬದೆ ಊಟದ ಹೊತ್ತಿನವರೆಗೂ ಅಲ್ಲೇ ಕೂತೆ.

ಮುದ್ದೆ, ಬಸ್ಸಾರು. ಗಂಡ ಹೊಲಕ್ಕೆ ಹೋಗಿದ್ದ; ಅತ್ತೆ ತನಗೂ ಮೊಮ್ಮಗಳಿಗೂ ಒಂದೇ ಮಡಕೆಯಿಂದ ಬಡಿಸಿದಳು. ಸೊಸೆಯ ಸಾರಿನ ಬಟ್ಟಲು ಮಾತ್ರ ಅಡುಗೆಮನೆಯ ಕತ್ತಲಿಂದ ತುಂಬಿಯೇ ಬಂತು. "ನೀವೆಲ್ಲಿ ನಮ್ಮನೇಲಿ ಉಣ್ತೀರಿ ಬುಡಿ" ಎಂದು ಅತ್ತೆ ಉಪಚಾರಕ್ಕೆ ಅಂದಳು. ಉಣ್ತೀನಿ ಎಂದು ನಾನು ಸೊಸೆಯ ಬಟ್ಟಲನ್ನೇ ಎಳೆದುಕೊಂಡೆ.

"ಅಯ್ಯೋ, ಅದು ಅವಳ್ದು! ಬ್ಯಾಡ ತಾಯಿ, ನಿಮ್ಗೆ ಬ್ಯಾರೆ ಇಕ್ತೀನಿ!" ಎಂದು ಅತ್ತೆ ಕೈ ಚಾಚಿದಳು. ವಿಷವೇ ಇದ್ದರೆ? ಆದರೂ ಹಟ. ಬಟ್ಟಲನ್ನು ಬಾಗಿಸಿದೆ. ಸೊಪ್ಪಿನ ಕೆಳಗೆ ತಳದಲ್ಲಿ ಬೆಳ್ಳನೆಯ ಗಸಿ ಕಂಡಿತು. ಬೆರಳ ತುದಿಯಲ್ಲಿ ತೆಗೆದು ನಾಲಿಗೆಗೆ ಇಟ್ಟೆ. ಮೊದಲು ಕಹಿ. ಸ್ವಲ್ಪ ಹೊತ್ತಿಗೆ ನಾಲಿಗೆಯ ತುದಿ ಕಾಣೆಯಾಯಿತು. ವಿಷವಲ್ಲ, ನಮ್ಮದೇ ಮಾತ್ರೆ. ಸಮಾಧಾನ, ಸಿಟ್ಟು ಎರಡೂ ಒಟ್ಟಿಗೇ ಬಂದವು. ಮೇಷ್ಟ್ರ ಅಪ್ಪಣೆ ನೆನಪಿತ್ತು, ಆದರೂ ಸೊಸೆಯ ಎದುರಿಗೇ ಕೇಳಿದೆ: "ಮಾತ್ರೆ ಅರೆದು ಹಾಕಿದ್ದೀರಿ, ಅಲ್ವಾ?"

ಮುದುಕಿ ಕುಸಿದು ಕೂತಳು. "ಇನ್ನೇನ್ ಮಾಡ್ಲವ್ವ? ನುಂಗು ಅಂತ ಕೊಟ್ರೆ ತಿಪ್ಪೆಗೆ ಎಸೀತಾಳೆ. ಬುಟ್ರೆ ಮತ್ತೆ ಕಾಯ್ಲೆ ಅಂತ ಡಾಕ್ಟ್ರು ಯೋಳವ್ರೆ. ನನ್ ಮಗ ಇನ್ನೊಬ್ಳನ್ನ ತತ್ತೀನಿ ಅಂತ ಕುಣೀತಾವ್ನೆ. ಇವಳು ಓದ್ರೆ ಈ ಕೂಸ್ನ ಯಾರ್ ನೋಡ್ತಾರೆ?"

ಸೊಸೆ ಅವಳನ್ನಲ್ಲ, ನನ್ನನ್ನು ನೋಡಿದಳು. "ಅಂಗಾರೆ ಬೆರೆಸಿದ್ದು ದಿಟವಾ, ಅಕ್ಕಾ?"

"ದಿಟ."

ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಸಿಟ್ಟಿನ ಅಳುವಲ್ಲ ಅದು. ಎಲ್ಲರೂ ಕಳ್ಳಿ ಅಂದವಳಿಗೆ, ಕಳುವಾದ ಒಡವೆ ಬೇರೆಯವರ ಹತ್ತಿರ ಸಿಕ್ಕಿದ ಹಾಗಿತ್ತು. ಕೊನೆಗೆ ಮುದುಕಿ ರಾಗಿ ಮಡಕೆಯಿಂದ ಮಾತ್ರೆಯ ಪೊಟ್ಟಣ ತೆಗೆದು ಸೊಸೆಯ ಮಡಿಲಿಗೆ ಹಾಕಿದಳು. ಮಾತ್ರೆಯನ್ನು ಮಲಗುವ ಮುಂಚೆ ಕೊಡಬಹುದೇ ಎಂದು ಡಾಕ್ಟರನ್ನು ಕೇಳುತ್ತೇನೆ, ಊಟಕ್ಕೆ ಮಾತ್ರ ಯಾರೂ ಏನನ್ನೂ ಬೆರೆಸಕೂಡದು ಎಂದು ಹೇಳಿ ಬಂದೆ.

ಮೇಷ್ಟ್ರು ಎಲ್ಲವನ್ನೂ ಕೇಳಿ ಕನ್ನಡಕ ತೆಗೆದರು. "ಮೊದಲ ಸಲ ಸೇರಿದಾಗ ಇದೇ ಮಾತು ಹೇಳಿದ್ದಳಲ್ಲ, ಆಗ ಬೆರೆಸಿದ್ದು ಯಾರು?"

"ಆಗ ಕಾಯಿಲೆ ಸರ್. ಈಗ ಸಾರು."

"ನಿನಗೆ ಹೇಗೆ ಗೊತ್ತು?"

"ತಿಂದೆ."

ಚೆನ್ನಾಗಿ ಬೈದರು. ಆದರೆ ಜೀಪು ಹೋಗಲಿಲ್ಲ. ಗಂಡನನ್ನು ಕರೆಸಿ ಬುದ್ಧಿ ಹೇಳಿದರು, ಡಾಕ್ಟರಿಗೆ ಹೇಳಿ ಮಾತ್ರೆಯ ಹೊತ್ತನ್ನೂ ಬದಲಾಯಿಸಿದರು.

ಮುಂದಿನ ತಿಂಗಳು ಹೋದಾಗ ಬಾಗಿಲಿಗೆ ಬಂದವಳು ಸೊಸೆಯೇ, ಸೊಂಟದಲ್ಲಿ ಮಗಳು. "ಉಂಡೇ ಓಗ್ಬೇಕು" ಎಂದು ಬಡಿಸಿದ ಬಟ್ಟಲುಗಳನ್ನೆಲ್ಲ ನನ್ನ ಮುಂದೆ ಸಾಲಾಗಿ ಇಟ್ಟಳು. "ಯಾವ್ದು ಬೇಕೋ ನೀವೇ ತಗೊಳ್ಳಿ." ನಾನು ಒಂದನ್ನು ಎಳೆದುಕೊಂಡೆ. ಊಟಕ್ಕೆ ಮುಂಚೆ ಕೈ ತಾನಾಗಿ ಬಟ್ಟಲಿಗೆ ಹೋಯಿತು; ಸಾರನ್ನು ಬೆರಳಿಂದ ನಾಲಿಗೆಗೆ ತಾಗಿಸಿ ಕಾದೆ.

ತಲೆಯೆತ್ತಿದರೆ ಅವಳು ನನ್ನನ್ನೇ ನೋಡುತ್ತಿದ್ದಳು. ಅವಳು ನಕ್ಕದ್ದನ್ನು ನಾನು ಕಂಡದ್ದು ಅವತ್ತೇ ಮೊದಲು.

"ನನ್ ಕಾಯ್ಲೆ ನಿಮ್ಗೂ ಐತೆ ಬುಡಕ್ಕಾ" ಎಂದಳು.