ಬೀಗರ ಗದ್ದೆಯಲ್ಲಿ ನನ್ನ ಎಡಗಾಲು

ಕಳೆದ ಭಾನುವಾರ ನನ್ನ ಎಡಗಾಲಿನ ಚಪ್ಪಲಿ ಹೋಯಿತು. ದೇವಸ್ಥಾನದ ಬಾಗಿಲಲ್ಲಲ್ಲ, ಬಸ್ಸಿನ ನೂಕುನುಗ್ಗಲಲ್ಲೂ ಅಲ್ಲ. ತಂಗಿಯನ್ನು ಕೊಡಬೇಕೆಂದಿದ್ದ ಮನೆಯವರ ಗದ್ದೆಯಲ್ಲಿ.

ಹಿಂದಿನ ವಾರವಷ್ಟೇ ಮಂಡ್ಯದಲ್ಲಿ ನೀರಾವರಿ ಆಫೀಸಿನ ನಮಗೆಲ್ಲ ಟ್ರೈನಿಂಗ್ ಮುಗಿದಿತ್ತು. ಜೌಗು ಭೂಮಿ ಗುರುತಿಸುವ ಟ್ರೈನಿಂಗ್. (ನಗಬೇಡಿ. ನಾಲೆ ನೀರು ಬಂದು ಗದ್ದೆಯಲ್ಲೇ ನಿಂತರೆ ಅನ್ನ ಕೊಡುವ ನೆಲವೂ ಕೆಡುತ್ತದೆ.) ಜೊಂಡು ಬೆಳೆದಿದೆಯೇ? ಮಣ್ಣು ಬೂದುಬಣ್ಣಕ್ಕೆ ತಿರುಗಿದೆಯೇ? ಮೂಸಿದರೆ ಕೊಳೆತ ಮೊಟ್ಟೆಯ ವಾಸನೆಯೇ? ಹಾಗಿದ್ದರೆ ಜೌಗು. ನಾವು ಪಟ್ಟಿ ಮಾಡಿ ಕೊಟ್ಟರೆ ಸರ್ಕಾರ ನಿಂತ ನೀರು ಹರಿದುಹೋಗಲು ಬಸಿಗಾಲುವೆ ತೋಡಿಸುತ್ತದೆ. ಬೆಂಗಳೂರಿನಿಂದ ಬಂದ ಮೇಷ್ಟ್ರು ಕೊನೆಯ ದಿನ ಒಂದು ಮಾತು ಒತ್ತಿ ಹೇಳಿದ್ದರು: ಕೋಲಿನಿಂದ ಚುಚ್ಚಿ ನೋಡದೆ ಎಲ್ಲೂ ಕಾಲಿಡಬೇಡಿ. ಎಲ್ಲವನ್ನೂ ನೋಟ್ಸ್ ಬರೆದುಕೊಂಡವನು ಇದೊಂದನ್ನು ಬರೆದುಕೊಳ್ಳಲಿಲ್ಲ. ಇಷ್ಟು ಸಣ್ಣ ಮಾತನ್ನು ಯಾರಾದರೂ ಬರೆದುಕೊಳ್ಳುತ್ತಾರೆಯೇ?

ಇನ್ನು ತಂಗಿ ಜಯಳ ವಿಷಯ. ಹುಡುಗ ಬಂದು ನೋಡಿಕೊಂಡು ಹೋಗಿದ್ದ. ಇವಳು ಬಾಯಿಬಿಟ್ಟು ಏನೂ ಹೇಳಲಿಲ್ಲ, ಆದರೆ ಅವನ ತಟ್ಟೆಗೆ ಮಾತ್ರ ಎರಡು ಸಲ ಉಪ್ಪಿಟ್ಟು ಬಡಿಸಿದ್ದಳು. ನಮಗೆ ಅರ್ಥವಾಯಿತು. ಉಳಿದದ್ದು ಹುಡುಗನ ಮನೆ, ಜಮೀನು ನೋಡಿ ಬರುವುದು. ಅಪ್ಪ ಇಲ್ಲದ ನಮ್ಮ ಮನೆಯಲ್ಲಿ ಸೋದರಮಾವನ ಮಾತೇ ಕೊನೆ. ಮಾವ ಹಿಂದೆ ಎರಡು ಸಂಬಂಧ ಮುರಿದಿದ್ದರು, ಎರಡೂ ಜಮೀನಿನ ವಿಷಯಕ್ಕೇ. ಈ ಸಲ ಏನಾಗುತ್ತದೋ ಎಂದು ಜಯ ಬೆಳಗ್ಗೆಯಿಂದ ಕಾಫಿಗೆ ಸಕ್ಕರೆ ಹಾಕುವುದನ್ನೇ ಮರೆತಿದ್ದಳು.

ಮಾವನೂ ನಾನೂ ಚಿಕ್ಕರಸಿನಕೆರೆಯಲ್ಲಿ ಬಸ್ಸಿಳಿದು ಹುಡುಗನ ಊರಿಗೆ ನಡೆದೆವು. (ಆ ಊರಿನ ಹೆಸರು ಬೇಡ. ಯಾಕೆಂದು ಕೊನೆಗೆ ಗೊತ್ತಾಗುತ್ತದೆ.) ಹುಡುಗನ ಅಪ್ಪ ಗೌಡರು ಬದುವಿನ ಮೇಲೆ ನಿಂತು ಕೈಬೀಸಿ ಗದ್ದೆ ತೋರಿಸಿದರು. ಚಿನ್ನದಂಥ ಭೂಮಿ, ಏನು ಹಾಕಿದರೂ ಬರುತ್ತದೆ ಎಂದರು. ಮಾವನ ಮುಖ ಅರಳಿತು. ನನ್ನ ಕಣ್ಣು ಮಾತ್ರ ಕೆಳಗಿನ ಗದ್ದೆಯ ಮೂಲೆಗೆ ಹೋಯಿತು. ಆಳೆತ್ತರದ ಜೊಂಡು! ಅದೇನೆಂದು ಕೇಳಿದೆ. ಚಾಪೆ ಹೆಣೆಯಲು ಬೇಕೆಂದು ತಾವೇ ಬೆಳೆಸಿದ್ದು ಎಂದು ಗೌಡರು ರೆಪ್ಪೆ ಮಿಟುಕಿಸದೆ ಹೇಳಿದರು.

ಹೊಸದಾಗಿ ಕಲಿತವನ ಕಾಲು ಸುಮ್ಮನಿರುತ್ತದೆಯೇ? ಬದು ಇಳಿದೆ. ಎರಡನೆಯ ಹೆಜ್ಜೆಗೆ ಎಡಗಾಲು ಮಂಡಿಯವರೆಗೆ ಹೋಯಿತು. ಅದನ್ನು ಕೀಳಲು ಬಲಗಾಲು ಊರಿದೆ, ಅದೂ ಹೋಯಿತು. ಕೊಳೆತ ಮೊಟ್ಟೆಯ ವಾಸನೆ ಘಮ್ಮೆಂದಿತು. ಮೇಷ್ಟ್ರು ಹೇಳಿದ ಒಂದು ಲಕ್ಷಣವೂ ತಪ್ಪಿರಲಿಲ್ಲ.

ನಿನ್ನೆ ತಾನೇ ನೀರು ಬಿಟ್ಟಿದ್ದೆವು, ಅಷ್ಟೇ ಎಂದರು ಗೌಡರು ಮೇಲಿನಿಂದ. ಪಕ್ಕದಲ್ಲೇ ನಿಂತಿದ್ದ ಹುಡುಗ ಪಂಚೆ ಎತ್ತಿಕಟ್ಟಿ ಇಳಿದು, ಒಂದು ಹಲಗೆ ಹಾಕಿ, ಕಂಕುಳಿಗೆ ಕೈಕೊಟ್ಟು ನನ್ನನ್ನು ಎಳೆದುಹಾಕಿದ. ಚಪ್ಪಲಿ ಅಲ್ಲೇ ಉಳಿಯಿತು. ಅರ್ಧ ಗದ್ದೆ ನನ್ನ ಹೊಸ ಬೆಲ್‌ಬಾಟಮ್ ಪ್ಯಾಂಟಿನೊಳಗೆ ಬಂದಿತ್ತು.

ನನ್ನ ಮಾನ ಉಳಿಸಲೆಂದು ಮಾವ ಬಾಯಿ ಹಾಕಿದರು. ಇವನು ಸುಮ್ಮನೆ ಬಿದ್ದವನಲ್ಲ, ಜೌಗು ಪರೀಕ್ಷೆ ಮಾಡುವ ಆಫೀಸರ್, ಇವನು ಬರೆದ ಕಡೆ ಬಸಿಗಾಲುವೆ ಬರುತ್ತದೆ ಎಂದರು.

ಗೌಡರು ತಟ್ಟನೆ ನನ್ನ ಹತ್ತಿರ ಬಂದರು. ಆಮೇಲೆ ನನ್ನ ಕೈ ಹಿಡಿದುಕೊಂಡು, ಈ ಕೆಳಗಿನ ಗದ್ದೆಯಲ್ಲಿ ಎತ್ತು ಹೂತುಹೋಗಿದ್ದು, ಹಾಕಿದ ಪೈರೆಲ್ಲ ಕೊಳೆತದ್ದು, ಒಂದೊಂದಾಗಿ ಒಪ್ಪಿಸತೊಡಗಿದರು. ಮಾವ ಕೆಂಪಾದರು.

“ಅಲ್ಲ ಗೌಡ್ರೇ, ಆಗ್ಲೆ ಚಿನ್ನ ಅಂದ್ರಲ್ಲ?”

“ಎಣ್ಣು ಕೊಡಕ್ಕೆ ಬಂದೋರ ಮುಂದೆ ಜೌಗು ಅನ್ನಕ್ಕಾಯ್ತದಾ ಕಣಪ್ಪ? ಸರ್ಕಾರದೋರ್ಗಾದ್ರೆ ನಿಜ ಯೇಳ್ಬೇಕು.”

ಹುಡುಗ ಕೈ ತೊಳೆಯುತ್ತಾ ತಲೆ ಎತ್ತಿದ. “ಮ್ಯಾಲಿನ ಗದ್ದೇಲಿ ಬತ್ತ ಚೆನ್ನಾಗ್ ಆಯ್ತದೆ. ಕೆಳಗಿಂದು ಜೌಗೇಯ. ಮೊದ್ಲೇ ಯೇಳ್ಬುಡಿ ಅಂದಿದ್ದೆ, ನಮ್ಮಪ್ಪ ಕೇಳ್ನಿಲ್ಲ.”

ನನಗೆ ಗೌಡರ ಮೇಲೆ ಸಿಟ್ಟೇ ಬರಲಿಲ್ಲ. ಬಾಡಿಗೆಗೆ ಬಂದವರ ಮುಂದೆ ಅರಮನೆಯಾಗುವ ನಮ್ಮ ಮಂಡ್ಯದ ಮನೆಗಳು ಕಂದಾಯ ಹಾಕುವವರು ಬಂದ ದಿನ ಗುಡಿಸಲಾಗುವುದಿಲ್ಲವೇ? ಆದರೆ ಮಾವ ಹಾಗಲ್ಲ. ಬಸ್ಸಿನುದ್ದಕ್ಕೂ ಈ ಸಂಬಂಧ ಬೇಡ ಎಂದೇ ಬಂದರು. ಒಂದೇ ಚಪ್ಪಲಿಯಲ್ಲಿ ಕುಳಿತವನು ಏನು ವಾದ ಮಾಡಲಿ?

ಮನೆಯಲ್ಲಿ ಜಯ ನನ್ನ ಪ್ಯಾಂಟು ನೋಡಿದಳು. ಮಾವ ಹೇಳಿದ್ದನ್ನೆಲ್ಲ ಕೇಳಿಸಿಕೊಂಡಳು. ಆಮೇಲೆ ನನ್ನ ಕಡೆ ತಿರುಗಿದಳು.

“ಅಣ್ಣ, ನಿನ್ನ ಎಳ್ದು ಆಚೆಗೆ ಹಾಕ್ದೋರು ಯಾರು?”

ಹುಡುಗನೇ ಎಂದೆ.

“ಅಪ್ಪನ ಎದುರ್ಗೇ ನಿಜ ಹೇಳ್ದೋರು?”

ಅವನೇ ಎಂದೆ.

“ಇನ್ನೇನ್ ನೋಡ್ಬೇಕು ಮಾವ? ಜೌಗು ಬಸಿಯಾಕೆ ಅಣ್ಣ ಕಲ್ತ್ಕೊಂಡೇ ಬಂದವ್ನಲ್ವಾ.”

ಮಾವ ಬಹಳ ಹೊತ್ತು ಎಲೆಗೆ ಸುಣ್ಣ ಹಚ್ಚುತ್ತಾ ಕೂತರು. ಕೊನೆಗೆ ಲಗ್ನಕ್ಕೆ ದಿನ ನೋಡಿಸಲು ಹೇಳಿದರು. ನನಗೆ ಎಷ್ಟು ಖುಷಿಯಾಯಿತೆಂದರೆ ಚಪ್ಪಲಿ ಮರೆತೇಹೋಯಿತು.

ಸಮಸ್ಯೆ ಈಗ ಶುರುವಾಗಿದೆ. ನಾಳೆ ಜೌಗು ಪಟ್ಟಿ ಕೊಡಬೇಕು. ಆ ಗದ್ದೆ ಜೌಗೆಂದು ಕಣ್ಣಾರೆ ಕಂಡವನು, ಕಾಲಾರೆಯೂ ಕಂಡವನು ಇಡೀ ಆಫೀಸಿನಲ್ಲಿ ನಾನೊಬ್ಬನೇ. ಆದರೆ ತಂಗಿಯ ಗಂಡನಾಗುವವನ ಗದ್ದೆಯನ್ನು ನಾನೇ ಪಟ್ಟಿಗೆ ಸೇರಿಸಿದರೆ, ನಿಮ್ಮಲ್ಲಿ ಯಾರು ನಂಬುತ್ತೀರಿ?