ಮೂವತ್ತು ಕಿಲೋದ ಪೋರ್ಟ್‌ಫೋಲಿಯೊ

"ನಿಮ್ಮ ಎಕ್ಸೆಲ್‌ಗೆ ನಿಮ್ಮ ಅಕ್ಕನ ಸ್ವಭಾವ ಗೊತ್ತುಂಟಾ?"

ಗೆಳೆಯರೇ, ಇವತ್ತು ಬೆಳಿಗ್ಗೆ ಇಲ್ಲಿ ಗಲ್ಫಿನಲ್ಲಿ, ಗುಫೂಲಿನ ನಮ್ಮ ಫ್ಲಾಟಿನಲ್ಲಿ ಹೆಂಡತಿ ನನ್ನನ್ನು ಕೇಳಿದ ಪ್ರಶ್ನೆ ಇದು. ಬ್ಯಾಂಕ್ ನೌಕರನಾದ ನಾನು ಸಂಜೆ ಹೊತ್ತು ಫೈನಾನ್ಷಿಯಲ್ ಮಾಡೆಲಿಂಗ್ ಕಲಿಯುತ್ತಿದ್ದೇನೆ. ಪೋರ್ಟ್‌ಫೋಲಿಯೊ, ಅಂದರೆ ಲಾಭ ಹೆಚ್ಚಿ ರಿಸ್ಕ್ ಕಡಿಮೆಯಾಗುವಂತೆ ಹಣವನ್ನು ಹಲವು ಕಡೆ ಹಂಚುವುದು ಹೇಗೆ ಎನ್ನುವುದು ಈ ವಾರದ ಪಾಠ. ನಾಡಿದ್ದು ಮಂಗಳೂರಿಗೆ ಹೊರಟಿದ್ದೇವೆ, ವಿಮಾನದಲ್ಲಿ ಸೂಟ್‌ಕೇಸಿಗೆ ಮೂವತ್ತೇ ಕಿಲೋ. ಎಕ್ಸೆಲ್‌ನಲ್ಲಿ ಹಣದ ಜಾಗದಲ್ಲಿ ಉಡುಗೊರೆಗಳ ತೂಕ ಹಾಕಿದೆ, ಲಾಭದ ಜಾಗದಲ್ಲಿ ನೆಂಟರ ಸಂತೋಷ. ಅಮ್ಮನಿಗೆ ಒಯ್ಯುವ ಹಾಲಿನ ಪುಡಿ ಭಾರ, ಬೇಡ ಎಂದಿತು ಉತ್ತರ. ಹೆಂಡತಿಯ ತಂಗಿಗೆ ಸೆಂಟು, ನನ್ನ ಅಕ್ಕನಿಗೆ ಬರೀ ಖರ್ಜೂರ.

"ನಿಮ್ಮ ಅಕ್ಕ ಇಡೀ ರಜೆ ನಮ್ಮತ್ರ ಮಾತಾಡ್ಲಿಕ್ಕಿಲ್ಲ. ಆ ರಿಸ್ಕ್ ಇದರಲ್ಲಿ ಎಲ್ಲುಂಟು?"

ನ್ಯಾಯವಾದ ಮಾತು. ಒಬ್ಬರಿಗೆ ಕೊಟ್ಟದ್ದು ಇನ್ನೊಬ್ಬರನ್ನು ಎಷ್ಟು ಉರಿಸುತ್ತದೆ ಎಂದು ನೆಂಟರ ಪ್ರತಿ ಜೋಡಿಗೂ ಅಂಕ ಕೊಟ್ಟೆ. ರಿಸ್ಕ್ ಆದಷ್ಟು ಕಡಿಮೆ ಮಾಡು ಎಂದು ಗುಂಡಿ ಒತ್ತಿದೆ. ಎಲ್ಲ ಸಾಲಿನಲ್ಲೂ ಸೊನ್ನೆ ಬಂತು. ಯಾರಿಗೂ ಏನೂ ಒಯ್ಯದಿದ್ದರೆ ಯಾರಿಗೂ ಹೊಟ್ಟೆಕಿಚ್ಚಿಲ್ಲ!

ಅವಳು ಕಣ್ಣು ಕಿರಿದು ಮಾಡಿ ಸ್ಕ್ರೀನ್ ನೋಡಿದಳು. "ಭಾರೀ ಲಾಯ್ಕುಂಟು ಮಾರಾಯ್ರೆ. ಇದರ ಪ್ರಿಂಟ್ ತಗೊಂಡು ಬನ್ನಿ. ಅತ್ತೆ ‘ಪೆಟ್ಟಿಗೆ ಬಿಚ್ಚಿ’ ಅಂತ ಹೇಳುವಾಗ ನೀವೇ ಓದಿ ಹೇಳಿ."

ಈಗ ಅಂಗಡಿಯ ಬಿಲ್ಲಿಂಗ್ ಸಾಲಿನಲ್ಲಿ ನಿಂತು ಇದನ್ನು ಬರೆಯುತ್ತಿದ್ದೇನೆ. ಟ್ರಾಲಿಯ ತುಂಬ ಒಂದೇ ಬ್ರಾಂಡಿನ, ಒಂದೇ ಅಳತೆಯ ಸೆಂಟು ಬಾಟಲಿಗಳಿವೆ. ಅಮ್ಮನ ಹಾಲಿನ ಪುಡಿಗೆ ಜಾಗ ಬೇಕೆಂದು ಸೂಟ್‌ಕೇಸಿನಿಂದ ನನ್ನ ಅಂಗಿಗಳನ್ನು ತೆಗೆದಿಟ್ಟು ಬಂದಿದ್ದೇನೆ. ನಮ್ಮ ಕುಟುಂಬದಲ್ಲಿ ಮುನಿಸಿಕೊಳ್ಳದವು ಅವು ಮಾತ್ರ.